ಜಕಾರ್ತಾದಿಂದ ಬರಬೇಕಾದ ಪತ್ರ

ಆಗಸ್ಟ್ 5, ಸೋಮವಾರ

ಇಂದಿನಿಂದ ಎಲ್ಲವನ್ನೂ ಬರೆದಿಡುತ್ತೇನೆ. ಯಾರು, ಎಷ್ಟು ಗಂಟೆಗೆ, ಏನು ಹೇಳಿದರು ಎಂಬುದನ್ನು. ನಾಳೆ ಯಾರಾದರೂ 'ನಾವು ಹಾಗೆ ಹೇಳಲೇ ಇಲ್ಲ' ಎಂದರೆ ನನ್ನ ಕೈಯಲ್ಲಿ ಏನಾದರೂ ಇರಬೇಕು.

ಬೆಳಿಗ್ಗೆ 9.10. ಲೈಸೆನ್ಸ್ ಕಚೇರಿ, ಮೂರನೇ ಕಿಟಕಿ. ಕಡತ ತೆಗೆದುಕೊಂಡವರು ಎಸ್ಟೆಬಾನ್ ಲಗ್ಮಾಯ್. ಹಿರಿಯರನ್ನು ಕರೆಯುವ ಹಾಗೆ ಎಲ್ಲರೂ ಮಾಂಗ್ ಟೆಬಾನ್ ಅನ್ನುತ್ತಾರೆ. ಅರವತ್ತರ ಹತ್ತಿರದ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಲಾಗ್‌ಬುಕ್ಕಿನ ಪುಟಗಳನ್ನು ಬೆರಳಿಗೆ ಎಂಜಲು ಹಚ್ಚಿ ಮಗುಚಿದರು.

"ನಾಲ್ಕು ಸಾವಿರದ ಎಂಟುನೂರ ಅರವತ್ತು ಗಂಟೆ! ನಾನು ಇಷ್ಟು ಹೊತ್ತು ಕುರ್ಚಿ ಮೇಲೂ ಕೂತಿಲ್ಲ, ಮೇಡಂ."

ನಗಬೇಕಿತ್ತೇನೋ. ನಗಲಿಲ್ಲ. ಹೀಗೆ ಸಲಿಗೆಯಿಂದ ಶುರುಮಾಡುವವರು ಕೊನೆಗೆ ಏನನ್ನಾದರೂ ಕೇಳುತ್ತಾರೆ.

ಒಂಬತ್ತು ವರ್ಷ ಇಂಡೋನೇಷ್ಯಾದಲ್ಲಿ ಹಾರಿಸಿದೆ, ಕೊನೆಯ ನಾಲ್ಕು ವರ್ಷ ಕ್ಯಾಪ್ಟನ್ ಆಗಿ. ಮಾರ್ಚ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ನನ್ನ ಲೈಸೆನ್ಸ್ ಆ ದೇಶದ್ದು. ನಾನು ಹುಟ್ಟಿದ ಈ ಮನಿಲಾದಲ್ಲಿ ಅದಕ್ಕೆ ಬೆಲೆಯಿಲ್ಲ. ಅದನ್ನು ಇಲ್ಲಿಯ ಲೈಸೆನ್ಸ್ ಆಗಿ ಬದಲಾಯಿಸಿಕೊಳ್ಳುವವರೆಗೆ ನಾನು ಅಕ್ಕ ಪಿಲಾರ್‌ಳ ಲಾಂಡ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿರುವ ಮೂವತ್ತೆಂಟು ವರ್ಷದ ಹೆಂಗಸು, ಅಷ್ಟೆ.

ವೈದ್ಯಕೀಯ ತಪಾಸಣೆ ಮುಗಿದಿದೆ. ವಾಯುಯಾನ ಕಾನೂನಿನ ಪರೀಕ್ಷೆ ಇದೆ. ಆಮೇಲೆ ಸಿಮ್ಯುಲೇಟರ್‌ನಲ್ಲಿ ಹಾರಿಸಿ ತೋರಿಸಬೇಕು. ಇವುಗಳಿಗೆ ನನಗೆ ಭಯವಿಲ್ಲ. ಭಯವಿರುವುದು ಒಂದು ಪತ್ರದ ಬಗ್ಗೆ. ಈ ಕಚೇರಿಯವರು ಜಕಾರ್ತಾಕ್ಕೆ ಬರೆದು, 'ಈಕೆಯ ಲೈಸೆನ್ಸ್ ಅಸಲಿಯೇ?' ಎಂದು ಕೇಳುತ್ತಾರೆ. ಅಲ್ಲಿಯವರು ಕಂಪನಿಯ ಹಳೆಯ ಮುಖ್ಯ ಪೈಲಟ್‌ನನ್ನು ವಿಚಾರಿಸಿ ನೇರವಾಗಿ ಇಲ್ಲಿಗೇ ಉತ್ತರಿಸುತ್ತಾರೆ. ಆ ಕಾಗದ ನನ್ನ ಕೈಗೆ ಬರುವುದೇ ಇಲ್ಲ. ಅದು ಬಾರದೆ ಲೈಸೆನ್ಸ್ ಇಲ್ಲ.

ದ್ವೀಪದಿಂದ ದ್ವೀಪಕ್ಕೆ ಹಾರುವ ಕಂಪನಿಯೊಂದು ನನಗಾಗಿ ಕ್ಯಾಪ್ಟನ್ ಸೀಟು ಹಿಡಿದಿಟ್ಟಿದೆ. ಸೆಪ್ಟೆಂಬರ್ 25ರೊಳಗೆ ಲೈಸೆನ್ಸ್ ತೋರಿಸಬೇಕು. ಅಕ್ಟೋಬರ್ ಒಂದಕ್ಕೆ ತರಬೇತಿ ಶುರು.

ಕೊಟ್ಟ ಪ್ರತಿಯೊಂದು ಕಾಗದದ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಆಗಸ್ಟ್ 9, ಶುಕ್ರವಾರ

ಕಾನೂನಿನ ಪರೀಕ್ಷೆ ಪಾಸಾಯಿತು. ನೂರಕ್ಕೆ ತೊಂಬತ್ತೊಂದು.

ಹೊರಗೆ ರೆನಾಟೊ ಡಿಮಾಯುಗ ಎಂಬಾತ ಪರಿಚಯ ಮಾಡಿಕೊಂಡ. ನನಗಿಂತ ಐದಾರು ವರ್ಷ ಚಿಕ್ಕವನು, ವಿಯೆಟ್ನಾಂನಲ್ಲಿ ಹಾರಿಸುತ್ತಿದ್ದನಂತೆ. ಅವನೂ ಲೈಸೆನ್ಸ್ ಬದಲಾಯಿಸಿಕೊಳ್ಳಲು ಬಂದಿದ್ದಾನೆ. ಅವನದೂ ಅದೇ ಕಂಪನಿ, ಅದೇ ಅಕ್ಟೋಬರ್ ಒಂದು.

"ನೀವೂ ಅಲ್ಲಿಗೇನಾ, ಕ್ಯಾಪ್? ಬಿಡಿ, ಒಬ್ಬರಿಗೊಬ್ಬರು ಆಯ್ತು! ಸಿಮ್ಯುಲೇಟರ್ ನೋಟ್ಸ್ ಬೇಕಾದ್ರೆ ನನ್ನ ಹತ್ರ ಇದೆ."

ನೋಟ್ಸ್ ಕೊಟ್ಟ. ಮನೆಗೆ ಬಂದು ಕೂತು ಓದಿದೆ. ಹನ್ನೊಂದನೇ ಪುಟದಲ್ಲಿ ಒಂದು ವೇಗದ ಸಂಖ್ಯೆ ತಪ್ಪಿದೆ. ಕೈತಪ್ಪಿ ಆದದ್ದೋ, ಬೇಕೆಂದೇ ಮಾಡಿದ್ದೋ? ಕಂಪನಿಯವರು ನಿಜವಾಗಿ ಎಷ್ಟು ಸೀಟು ಇಟ್ಟಿದ್ದಾರೆ ಎಂದು ನಾನು ಕೇಳಿಯೇ ಇಲ್ಲ.

ಪಿಲಾರ್‌ಗೆ ತೋರಿಸಿದೆ. ಅವಳು ಒದ್ದೆ ಕೈಯನ್ನು ಒರೆಸಿಕೊಳ್ಳುತ್ತಾ ನೋಡಿ, "ನಾನು ಲಾಂಡ್ರಿ ಚೀಟಿಯಲ್ಲಿ ದಿನಾ ನಾಲ್ಕು ತಪ್ಪು ಬರೀತೀನಿ. ನಾನೂ ಯಾರನ್ನೋ ಕೊಲ್ಲೋಕೆ ಹೊರಟಿದೀನಿ ಅಂತೀಯಾ?" ಅಂದಳು.

ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಆಗಸ್ಟ್ 16, ಶುಕ್ರವಾರ

10.25. ಮೂರನೇ ಕಿಟಕಿ. ಪತ್ರ ಬಂದಿಲ್ಲ.

"ಬರುತ್ತೆ ಮೇಡಂ, ಜಕಾರ್ತಾ ಏನು ಪಕ್ಕದ ಬೀದೀಲಿದ್ಯಾ?" ಅಂದರು ಮಾಂಗ್ ಟೆಬಾನ್. ಹೇಳುವಾಗ ನನ್ನನ್ನು ನೋಡಲಿಲ್ಲ, ಹಿಂದೆ ನಿಂತವರನ್ನು ನೋಡಿದರು.

ರೆನಾಟೊನ ಪತ್ರ ಹನ್ನೊಂದೇ ದಿನಕ್ಕೆ ಬಂತಂತೆ. ಹನೋಯ್ ಮಾತ್ರ ಪಕ್ಕದ ಬೀದಿಯಲ್ಲಿದೆಯೇ?

ಇದರ ಹಿಂದೆ ಹೇಂದ್ರ ಇದ್ದಾನೆ ಎಂದು ಈಗ ಅನ್ನಿಸುತ್ತಿದೆ. ಕ್ಯಾಪ್ಟನ್ ಹೇಂದ್ರ, ನನ್ನ ಹಳೆಯ ಕಂಪನಿಯ ಮುಖ್ಯ ಪೈಲಟ್. ಹೋದ ವರ್ಷ ಗುಡ್ಡಗಳ ನಡುವಿನ ಒಂದು ರನ್‌ವೇಗೆ ಹಾರಲು ನಾನು ಒಲ್ಲೆ ಎಂದಿದ್ದೆ. ಮೋಡ ಕೆಳಗಿಳಿದಿತ್ತು. ಎಲ್ಲರೆದುರು ಅವನು, "ನಿನ್ನ ಧೈರ್ಯ ಅಷ್ಟೇ ಆದ್ರೆ ನನ್ನ ಬಾಯಿಂದ ನಿನ್ನ ಬಗ್ಗೆ ಒಂದು ಒಳ್ಳೆ ಮಾತು ಹೊರಡಲ್ಲ" ಅಂದಿದ್ದ. ಈಗ ಆ ಒಳ್ಳೆಯ ಮಾತೇ ಬೇಕಾಗಿದೆ. ಅದು ಅವನಿಗೂ ಗೊತ್ತು.

ಫೋನ್ ಮಾಡಿ ಬೇಡಿಕೊಳ್ಳುವುದಿಲ್ಲ.

ಆಗಸ್ಟ್ 20, ಮಂಗಳವಾರ

ಕಚೇರಿಯ ಪಕ್ಕದ ಊಟದಂಗಡಿ, 12.40. ನಾನು ಒಳಗಿನ ಮೂಲೆಯಲ್ಲಿದ್ದೆ, ಅವರು ನನ್ನನ್ನು ನೋಡಲಿಲ್ಲ. ರೆನಾಟೊ ಬಂದು ಮಾಂಗ್ ಟೆಬಾನ್‌ರ ಮೇಜಿನ ಮೇಲೆ ಒಂದು ಕಂದು ಲಕೋಟೆ ಇಟ್ಟ. ದಪ್ಪಗಿತ್ತು. ಅವರು ತೆರೆದು ಇಣುಕಿ, ಮುಖವರಳಿಸಿ, ಅವನ ಬೆನ್ನು ತಟ್ಟಿದರು. ಲಕೋಟೆ ಚೀಲದೊಳಗೆ ಹೋಯಿತು.

3.15ಕ್ಕೆ ರೆನಾಟೊ ಸಂದೇಶ ಕಳಿಸಿದ: ಅವನ ಸಿಮ್ಯುಲೇಟರ್ ಪರೀಕ್ಷೆಗೆ ಸೆಪ್ಟೆಂಬರ್ ಒಂಬತ್ತಕ್ಕೆ ದಿನ ಸಿಕ್ಕಿದೆ.

ಇನ್ನೇನು ಬೇಕು?

ಆಗಸ್ಟ್ 22, ಗುರುವಾರ

ಬರೆದೆ. ಟೈಪ್ ಮಾಡಿದ ಅರ್ಧ ಪುಟ. ದಿನ, ಹೊತ್ತು, ಜಾಗ, ಲಕೋಟೆಯ ಬಣ್ಣ. 'ಮೂರನೇ ಕಿಟಕಿಯ ಗುಮಾಸ್ತ ಲಂಚ ಪಡೆದು ಕೆಲವರ ಕಡತಗಳನ್ನು ಮುಂದಕ್ಕೆ ತಳ್ಳಿ, ಉಳಿದವರ ಪತ್ರಗಳನ್ನು ತಡೆಹಿಡಿಯುತ್ತಾನೆ.' ಕೊಟ್ಟವನ ಹೆಸರು ಬರೆಯಲಿಲ್ಲ, ಕೊಟ್ಟವನಲ್ಲ ಮುಖ್ಯ, ತೆಗೆದುಕೊಂಡವನು. ನನ್ನ ಹೆಸರನ್ನೂ ಬರೆಯಲಿಲ್ಲ. ನನ್ನ ಕಡತ ಅವರ ಕೈಯಲ್ಲೇ ಇರುವಾಗ ಹೆಸರು ಬರೆಯಲು ನಾನು ಹುಚ್ಚಿಯಲ್ಲ.

ಕೆಳ ಅಂತಸ್ತಿನ ದೂರು ಪೆಟ್ಟಿಗೆಗೆ ಹಾಕಿ ಬಂದೆ. ಎದೆ ಹಗುರಾಯಿತು. ಯಾರಾದರೂ ಮಾಡಲೇಬೇಕಿತ್ತು.

ಆಗಸ್ಟ್ 27, ಮಂಗಳವಾರ

ಪಿಲಾರ್ ಜೊತೆ ಜಗಳ.

ಕೊರಿಯರ್‌ನವನು ಶನಿವಾರ ಬಂದಿದ್ದನಂತೆ. ಪಕ್ಕದ ಮನೆಯವರು ಹೇಳಿದರು, ಪಿಲಾರ್ ಹೇಳಲಿಲ್ಲ. ಕೇಳಿದರೆ, "ಅಯ್ಯೋ ಮರ್ತೇಹೋಯ್ತು" ಎಂದು ಇಸ್ತ್ರಿ ಮೇಜಿನ ಕೆಳಗಿನಿಂದ ಲಕೋಟೆ ತೆಗೆದಳು. ಬ್ಯಾಂಕಿನ ಜಾಹೀರಾತು. ಆದರೆ ಅದು ಲೈಸೆನ್ಸ್ ಕಚೇರಿಯ ಕಾಗದವಾಗಿದ್ದಿದ್ದರೆ?

ಬಾಯಿಗೆ ಬಂದದ್ದು ಅಂದುಬಿಟ್ಟೆ: "ನಾನು ಇಲ್ಲೇ ಬಿದ್ದಿರಲಿ ಅಂತ ತಾನೆ ನಿನಗೆ? ಅಂಗಡಿಗೆ ಸಂಬಳ ಇಲ್ಲದ ಆಳು ಸಿಕ್ಕಿದಾಳೆ."

ಪಿಲಾರ್ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಯಾರದೋ ಬಿಳಿ ಅಂಗಿಯ ತೋಳು ಅರ್ಧ ಆಗಿತ್ತು.

"ಹೌದು ಕಣೆ, ನೀನು ಇಲ್ಲೇ ಇರಲಿ ಅಂತ ಆಸೆ ಇತ್ತು. ಒಂಬತ್ತು ವರ್ಷ ಫೋನಿನಲ್ಲೇ ನೋಡಿದೀನಿ ನಿನ್ನ. ಆಸೆ ಇದ್ರೆ ಕದೀತಾರೇನೆ? ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ನಿನಗೆ ನನ್ನ ಅಡುಗೇಲೂ ವಿಷ ಕಾಣೋಕೆ ಮುಂಚೆ ಆ ಡಾಕ್ಟರ್ ಹತ್ರ ಇನ್ನೊಂದ್ಸಲ ಹೋಗು, ಈ ಸಲ ಕಣ್ಣಲ್ಲ, ತಲೆ ತೋರ್ಸು."

ಊಟಕ್ಕೆ ಕರೆಯಲಿಲ್ಲ. ನಾನೂ ಇಳಿದು ಹೋಗಲಿಲ್ಲ. ಮೆಟ್ಟಿಲ ಮೇಲೆ ಮುಚ್ಚಿದ ತಟ್ಟೆಯಿತ್ತು. ಮಾಂಸದ ಅಡೋಬೊ, ನನಗೆ ಇಷ್ಟವಾಗುವಂತೆ ಹುಳಿ ಮುಂದಾಗಿ.

ಆಗಸ್ಟ್ 30, ಶುಕ್ರವಾರ

ಮೂರನೇ ಕಿಟಕಿಯಲ್ಲಿ ಹೊಸ ಹುಡುಗಿ. ಮಾಂಗ್ ಟೆಬಾನ್ ಇಲ್ಲ. ಅಂತೂ ಪೆಟ್ಟಿಗೆಯನ್ನು ತೆರೆದು ಓದುವವರಿದ್ದಾರೆ!

ನನ್ನ ಪತ್ರವೂ ಇಲ್ಲ. "ಹದಿನೈದು ಕೆಲಸದ ದಿನ ಬಿಟ್ಟು ಬನ್ನಿ" ಅಂದಳು ಹುಡುಗಿ. ಅಷ್ಟು ಕೆಲಸದ ದಿನ ಕಳೆಯುವಷ್ಟರಲ್ಲಿ ಸೆಪ್ಟೆಂಬರ್ ಇಪ್ಪತ್ತಾಗಿರುತ್ತದೆ.

ಸೆಪ್ಟೆಂಬರ್ 2, ಸೋಮವಾರ

ಹೇಂದ್ರನಿಗೆ ಫೋನ್ ಮಾಡಿದೆ. ಬೇಡಿಕೊಳ್ಳಲು ಅಲ್ಲ, ಜಾಡಿಸಲು. ಏನೇನು ಅನ್ನಬೇಕೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ.

ಅವನು ಸುರಬಾಯದ ಮನೆಯಲ್ಲಿದ್ದ. ಹಿಂದೆ ಕೋಳಿಗಳು ಕೂಗುತ್ತಿದ್ದವು. ಈಗ ಕೋಳಿ ಸಾಕುತ್ತಿದ್ದಾನಂತೆ, ನಲವತ್ತು ವರ್ಷ ವಿಮಾನ ಹಾರಿಸಿದವನು. ನಾನು ಹಾಳೆಯ ಎರಡನೇ ಸಾಲಿನಲ್ಲಿದ್ದಾಗಲೇ ತಡೆದ.

"ಏನು ಹೇಳ್ತಿದೀಯಾ ನೀನು? ಜಕಾರ್ತಾದವರು ಕೇಳಿದ ದಿನವೇ ನಾನು ಬರೆದುಕೊಟ್ಟೆ. ಅವರು ಉತ್ತರ ಕಳಿಸಿದ್ದು ಆಗಸ್ಟ್ ಹದಿನಾಲ್ಕಕ್ಕೆ, ಅದರ ಪ್ರತಿ ನನ್ನ ಹತ್ರ ಇದೆ."

"ಏನಂತ ಬರೆದ್ರಿ?" ಅಂದೆ.

"ಇದ್ದದ್ದನ್ನ. ಅವತ್ತು ಮೋಡ ಇಳಿದದ್ದು ನಿಜ, ಡೆಲ್ಫಿನಾ. ನಾನೂ ನೋಡಿದ್ದೆ. ಎಲ್ಲರೆದುರು ಒಪ್ಪೋಕಾಗಲಿಲ್ಲ." ಕೋಳಿಗಳಿಗೆ 'ಹುಶ್' ಅಂದು ಮುಂದುವರಿಸಿದ. "ಅದಿರಲಿ, ಈ ಮಕರಾಯ್ಗ್ ಯಾರು? ನಿಮ್ಮ ಕಚೇರಿಯವರ ಪತ್ರದಲ್ಲಿ ಹಾಗಿತ್ತು. ಜಕಾರ್ತಾದ ಹುಡುಗ ನನಗೆ ಮೂರು ಸಲ ಫೋನ್ ಮಾಡಿ, 'ಈ ಹೆಸರಿನವರು ನಮ್ಮಲ್ಲಿಲ್ಲವಲ್ಲ ಸರ್' ಅಂದ. ನೀನು ಇಲ್ಲಿ ಡೆಲ್ಫಿನಾ ಕಿಯಾಂಬಾವ್ ತಾನೆ?"

ಕಿಯಾಂಬಾವ್ ಅಮ್ಮನ ಮನೆತನ, ಮಕರಾಯ್ಗ್ ಅಪ್ಪನದು. ನಮ್ಮಲ್ಲಿ ಅಮ್ಮನ ಹೆಸರು ನಡುವೆ ಬರುತ್ತದೆ, ಅಪ್ಪನದು ಕೊನೆಗೆ. ಅಲ್ಲಿ ಕೊನೆಯ ಹೆಸರನ್ನು ಒಂದಕ್ಷರಕ್ಕೆ ಮೊಟಕು ಮಾಡುವ ರೂಢಿ. ಒಂಬತ್ತು ವರ್ಷ ನನ್ನ ಲೈಸೆನ್ಸಿನಲ್ಲಿ 'ಡೆಲ್ಫಿನಾ ಕಿಯಾಂಬಾವ್ ಎಂ.' ಎಂದೇ ಇತ್ತು. ದಿನವೂ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ ಕಾಗದ.

ಹಾಗಾದರೆ ಪತ್ರ ಬಂದಿದೆ. ಎಲ್ಲಿ?

ಸೆಪ್ಟೆಂಬರ್ 3, ಮಂಗಳವಾರ

ಹೊಸ ಹುಡುಗಿಗೆ ವಿವರಿಸಿದೆ. "ಬಂದ ಪತ್ರಗಳೆಲ್ಲ ಕೆಳಗೆ ದಾಖಲೆ ಕೋಣೆಗೆ ಹೋಗ್ತವೆ ಮೇಡಂ. ಅಲ್ಲಿ ಮಾಂಗ್ ಟೆಬಾನ್ ಇದ್ದಾರೆ, ಕೇಳಿ," ಅಂದಳು.

ಇಳಿದು ಹೋದೆ. ಕಿಟಕಿಯಿಲ್ಲದ ಕೋಣೆ, ಸೂರಿನವರೆಗೆ ಕಟ್ಟುಗಳು, ಗರಗರ ಎನ್ನುವ ಒಂದು ಫ್ಯಾನ್. ಅವರು ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು ಏನನ್ನೋ ಗುನುಗುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಮೇಡಂ ಕ್ಯಾಪ್ಟನ್! ಇಲ್ಲಿಗೂ ಇಳಿದ್ರಾ?"

ಹೆಸರಿನ ವಿಷಯ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ಅರ್ಜಿಯಲ್ಲಿ ಒಂದು ಕಾಲಂ ಇದೆಯಲ್ಲ, ವಿದೇಶಿ ಲೈಸೆನ್ಸಿನಲ್ಲಿ ಹೆಸರು ಬೇರೆ ಇದ್ರೆ ಬರೀರಿ ಅಂತ. ನೀವು ಖಾಲಿ ಬಿಟ್ರಿ. ನಾನೂ ಕೇಳಲಿಲ್ಲ. ನಾನು ಎಂ ಅಕ್ಷರದ ಕಟ್ಟನ್ನ ಮೂರು ಸಲ ಹುಡುಕಿಸಿದ್ದೆ, ಗೊತ್ತಾ? ಮೇಲಿದ್ದಾಗ ದಿನಾ ಮಧ್ಯಾಹ್ನ ಫೋನ್ ಮಾಡಿ ಈ ಕೋಣೆಯವರ ತಲೆ ತಿಂದಿದೀನಿ."

ಏಣಿ ಹತ್ತಿದರು. ಮೊಣಕಾಲು ಹಿಡಿದುಕೊಂಡಂತಿತ್ತು, ಆದರೂ ಹತ್ತಿದರು. ಇಂಗ್ಲಿಷಿನಲ್ಲಿ ಕಿಯಾಂಬಾವ್ 'ಕ್ಯೂ'ನಿಂದ ಶುರು; ಆ ಅಕ್ಷರದ ಕಟ್ಟು ಸಣ್ಣದು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆಗಸ್ಟ್ 19ಕ್ಕೆ ಬಂದ ಮುದ್ರೆ. ನಾನು ಲಕೋಟೆ ನೋಡಿದ ದಿನಕ್ಕೆ ಒಂದು ದಿನ ಮೊದಲು.

ಅವರು ಹುಡುಕುತ್ತಿದ್ದಾಗ ಮೇಜಿನ ಮೇಲಿನ ಹಾಳೆಗಳನ್ನು ನೋಡಿದೆ. ಸಂಗೀತದ ಗೆರೆಗಳು. ಪಕ್ಕದಲ್ಲಿ ಕಂದು ಲಕೋಟೆ.

"ಅದಾ? ನಮ್ಮ ಚರ್ಚಿನ ಹಾಡುಗಾರರದ್ದು," ಅಂದರು ಏಣಿಯ ಮೇಲಿಂದಲೇ. "ನಾನು ಹೇಳಿಕೊಡ್ತೀನಿ. ನಿಮ್ಮ ರೆನಾಟೊನೂ ಬರ್ತಾನೆ. ದನಿ ಚೆನ್ನಾಗಿದೆ, ತಾಳ ಮಾತ್ರ ದೇವರಿಗೇ ಪ್ರೀತಿ. ಪ್ರತಿ ಮಾಡಿಸಿ ತಂದುಕೊಟ್ಟ, ಪಾಪ."

ಇವರನ್ನು ಇಲ್ಲಿಗೆ ಯಾಕೆ ಹಾಕಿದರೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಪತ್ರವನ್ನು ಅವರೇ ಮೇಲಕ್ಕೆ ತಂದು ಕಡತಕ್ಕೆ ಸೇರಿಸಿದರು. ಒಂಬತ್ತನೇ ತಾರೀಕಿನ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ರೆನಾಟೊನ ಜೊತೆ ನನ್ನನ್ನೂ ಹಾಕಿಸಿದರು.

ನಾನು ನೋಡಿದ್ದನ್ನೇ ಬರೆದಿದ್ದೆ. ಲಕೋಟೆ ಕೊಟ್ಟದ್ದು ನಿಜ, ತೆಗೆದುಕೊಂಡದ್ದೂ ನಿಜ. ಅದರಲ್ಲಿ ಹಾಡು ಮಾತ್ರವೇ ಇತ್ತೆಂದು ಯಾರು ಹೇಳಬಲ್ಲರು?

ಸೆಪ್ಟೆಂಬರ್ 9, ಸೋಮವಾರ

ನಪಾಸು. ಪೂರ್ತಿಯಲ್ಲ, ಒಂದು ಭಾಗ. ಆ ಒಂದೇ ಭಾಗ ಸಾಕು.

ನಾನು ಎಡಗಡೆ, ಕ್ಯಾಪ್ಟನ್ ಸೀಟಿನಲ್ಲಿ. ರೆನಾಟೊ ಬಲಗಡೆ. ನೆಲ ಬಿಟ್ಟ ಕೂಡಲೇ ಪರೀಕ್ಷಕರು ಒಂದು ಇಂಜಿನ್ ನಿಲ್ಲಿಸಿದರು. ಇದನ್ನು ನೂರು ಸಲ ಮಾಡಿದ್ದೇನೆ. ನಾನು ವಿಮಾನವನ್ನು ನೇರವಾಗಿ ಹಿಡಿದಿರಬೇಕು. ಪಕ್ಕದವನು ಕೆಟ್ಟ ಇಂಜಿನ್ನಿನ ಇಂಧನದ ಹಿಡಿಯ ಮೇಲೆ ಕೈಯಿಟ್ಟು, "ಎರಡನೆಯದು, ಖಚಿತವಾ?" ಎಂದು ಕೇಳುತ್ತಾನೆ. ನಾನು ನೋಡಿ, "ಖಚಿತ" ಎಂದರೆ ಎಳೆಯುತ್ತಾನೆ.

ಅವನು ಕೈಯಿಟ್ಟ, ಕೇಳಿದ. ನಾನು ಅವನ ಕೈಯನ್ನು ತಳ್ಳಿದೆ. ತಪ್ಪು ಹಿಡಿಯ ಮೇಲಿದೆ ಎಂದು ಅನ್ನಿಸಿತು. ಅನ್ನಿಸಿತು, ಅಷ್ಟೆ. ನಾನೇ ಬಗ್ಗಿ ನೋಡಿದೆ. ಅವನ ಕೈ ಸರಿಯಾದುದರ ಮೇಲೆಯೇ ಇತ್ತು. ಅಷ್ಟರಲ್ಲಿ ಮೂಗು ಇಪ್ಪತ್ತೈದು ಡಿಗ್ರಿ ತಿರುಗಿ ವೇಗ ಕುಸಿದಿತ್ತು. ನಿಜವಾದ ವಿಮಾನವಾಗಿದ್ದರೆ ಎಲ್ಲರೂ ಸತ್ತಿರುತ್ತಿದ್ದೆವು.

ಪರೀಕ್ಷಕರು ಕೂಗಾಡಲಿಲ್ಲ. ದೀಪ ಹಾಕಿ, "ಕ್ಯಾಪ್ಟನ್, ನೀವು ಎರಡು ಗಂಟೆ ಹೊತ್ತೂ ಇವರ ಕೈಯನ್ನೇ ನೋಡ್ತಾ ಇದ್ರಿ. ವಿಮಾನವನ್ನ ಯಾರು ಹಾರಿಸ್ತಿದ್ರು?" ಎಂದರು.

ಆ ಭಾಗವನ್ನು ಇಪ್ಪತ್ತನೇ ತಾರೀಕು ಮತ್ತೊಮ್ಮೆ ಮಾಡಬೇಕು. ರೆನಾಟೊ ಪಾಸಾದ. ಹೊರಗೆ ಬಂದು, "ಕೈಗೆ ಪೆಟ್ಟಾಯ್ತಾ?" ಎಂದು ಕೇಳಿದೆ.

"ಕೈ ಬಿಡಿ ಕ್ಯಾಪ್. ನಾನು ನಿಮಗೆ ಏನು ಮಾಡಿದೀನಿ ಅಂತ ಯೋಚಿಸ್ತಿದೀನಿ," ಅಂದ. ತಮಾಷೆಯ ದನಿಯಲ್ಲ.

ಹನ್ನೊಂದನೇ ಪುಟದ ಸಂಖ್ಯೆಯ ವಿಷಯ ಹೇಳಿದೆ. ಅವನು ಫೋನಿನಲ್ಲಿ ತನ್ನ ಪ್ರತಿ ತೆಗೆದು ನೋಡಿದ. "ಅಯ್ಯೋ! ಇದನ್ನೇ ಬಾಯಿಪಾಠ ಮಾಡಿದೀನಲ್ರೀ ನಾನು!" ಎಂದು ಅಲ್ಲೇ ತಿದ್ದಿಕೊಂಡ.

ಸೆಪ್ಟೆಂಬರ್ 11, ಬುಧವಾರ

ರೆನಾಟೊ ಅಂಗಡಿಗೆ ಬಂದಿದ್ದ, ಎರಡು ಸಮವಸ್ತ್ರ ಇಸ್ತ್ರಿಗೆ ಕೊಡಲು. ಪಿಲಾರ್ ಅವನಿಗೆ ನೂಡಲ್ಸ್ ಬಡಿಸಿದಳು. ಅವಳು ನನ್ನೊಡನೆ ಮಾತು ಬಿಟ್ಟು ಹದಿನೈದು ದಿನ, ಅವನೊಡನೆ ಹದಿನೈದು ನಿಮಿಷಕ್ಕೇ ಗೆಳೆತನ.

ಅವನೇ ಹೇಳಿದ: "ಮಾಂಗ್ ಟೆಬಾನ್‌ದು ಏನಾಯ್ತು ಗೊತ್ತಾ? ಯಾರೋ ಹೆಸರಿಲ್ಲದ ದೂರು ಹಾಕಿದಾರೆ, ಲಂಚ ಅಂತ. ಜನವರಿಗೆ ನಿವೃತ್ತಿ ಅವರಿಗೆ. ದೂರು ಇತ್ಯರ್ಥ ಆಗೋವರೆಗೂ ನಿವೃತ್ತಿ ಕಾಗದಕ್ಕೆ ಸಹಿ ಬೀಳಲ್ಲ. ಹೆಸರೇ ಇಲ್ದಿದ್ರೆ ವಿಚಾರಣೆಗೆ ಕರೆಯೋದು ಯಾರನ್ನ? ಇತ್ಯರ್ಥ ಆಗೋದು ಹೇಗೆ?"

"ಯಾರು ಬರೆದಿರಬಹುದು?" ಅಂದಳು ಪಿಲಾರ್.

"ಯಾರಾದರೇನಕ್ಕಾ, ಧೈರ್ಯ ಇಲ್ಲದವರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ಒಳಗೆ ಹೋದೆ. ಇವನಿಗೆ ಗೊತ್ತಾಗಿದೆ. ಗೊತ್ತಾಗಿಯೇ ಬಂದು ನನ್ನೆದುರು ಹೇಳಿದ್ದಾನೆ, ಮುಖ ನೋಡಲು.

ಆದರೆ ಅವನು ನನ್ನ ಮುಖ ನೋಡಲೇ ಇಲ್ಲ. ನೂಡಲ್ಸಿಗೆ ನಿಂಬೆ ಹಿಂಡುತ್ತಿದ್ದ.

ಸೆಪ್ಟೆಂಬರ್ 13, ಶುಕ್ರವಾರ

ಏನೂ ಬರೆಯುವುದಿಲ್ಲ.

ಸೆಪ್ಟೆಂಬರ್ 15, ಭಾನುವಾರ

ಪಿಲಾರ್‌ಗೆ ಹೇಳಿದೆ. ಎಲ್ಲವನ್ನೂ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

"ಈಗ ಹೋಗಿ ಹೇಳಿದರೆ ಇಪ್ಪತ್ತನೇ ತಾರೀಕಿನ ಪರೀಕ್ಷೆ ನಿಲ್ಲಿಸ್ತಾರೆ," ಅಂದೆ. "ಸೀಟು ಹೋಗುತ್ತೆ. ಲೈಸೆನ್ಸ್ ಸಿಕ್ಕಮೇಲೆ ಹೇಳಿದರೆ? ಹತ್ತೇ ದಿನ."

"ಹತ್ತು ದಿನ ಆದಮೇಲೆ ಇನ್ನೊಂದು ಹತ್ತು ದಿನ ಅಂತೀಯ. ನಿನ್ನ ನಾನು ಎತ್ತಿ ಆಡಿಸಿದೀನಿ ಕಣೆ." ಒಂದು ಚಾದರದ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟಳು. "ಹಿಡಿ, ಎಳಿ. ಸುಕ್ಕು ಬಿಡಲಿ."

ಅಂಗಡಿಯ ಚಾದರಗಳು ಮುಗಿಯುವವರೆಗೆ ಇಬ್ಬರೂ ಮಡಿಸಿದೆವು.

ಸೆಪ್ಟೆಂಬರ್ 16, ಸೋಮವಾರ

ವಿಭಾಗದ ಮುಖ್ಯಸ್ಥೆ ಶ್ರೀಮತಿ ಓಕಾಂಪೊ ನನ್ನ ಮಾತನ್ನು ಕೊನೆಯವರೆಗೂ ಕೇಳಿದರು. ಆಮೇಲೆ ಕಪಾಟಿನಿಂದ ಆ ಅರ್ಧ ಪುಟವನ್ನು ತೆಗೆದು ಮೇಜಿನ ಮೇಲಿಟ್ಟರು. ನನ್ನದೇ ವಾಕ್ಯಗಳು, ಬೇರೆ ಯಾರೋ ಬರೆದಂತೆ ಕಂಡವು.

"ನಿಮಗೆ ಗೊತ್ತಲ್ಲ ಕ್ಯಾಪ್ಟನ್, ಇದನ್ನ ಹಿಂದಕ್ಕೆ ತಗೊಂಡ್ರೆ ನಿಮ್ಮ ಕಡತದಲ್ಲಿ ಷರಾ ಬೀಳುತ್ತೆ. ಮೇಲಿನವರು ನೋಡಿ ಬಿಡುವವರೆಗೂ ನಿಮ್ಮ ಪರೀಕ್ಷೆ ಇಲ್ಲ."

"ಎಷ್ಟು ದಿನ?"

"ಅದು ನನ್ನ ಕೈಲಿಲ್ಲ." ಬಿಳಿ ಹಾಳೆಯೊಂದನ್ನು ಮುಂದಿಟ್ಟರು. "ಕಂಡದ್ದೇನು, ಊಹಿಸಿದ್ದೇನು, ಬೇರೆ ಬೇರೆ ಬರೀರಿ. ಕೆಳಗೆ ಹೆಸರು. ಪೂರ್ತಿ ಹೆಸರು."

ಕಂಡದ್ದು ಎರಡು ಸಾಲು ಆಯಿತು. ಊಹಿಸಿದ್ದು ಹಾಳೆ ತುಂಬ.

ಅಲ್ಲಿಂದ ನೇರವಾಗಿ ದಾಖಲೆ ಕೋಣೆಗೆ ಇಳಿದೆ. ಮಾಂಗ್ ಟೆಬಾನ್ ಊಟದ ಡಬ್ಬಿ ತೆರೆದಿದ್ದರು. ಕೂರಲು ಹೇಳಿದರು, ನಾನು ನಿಂತೇ ಹೇಳಿದೆ. ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದರು.

"ನೀವಾ?"

"ನಾನೇ."

"ನಿಮ್ಮ ಪತ್ರವನ್ನ ಹುಡುಕಿಕೊಟ್ಟೆನಲ್ಲ, ಅದಕ್ಕೆ ಮುಂಚೆಯಾ, ಆಮೇಲಾ?"

"ಮುಂಚೆ. ಆದರೆ ಆಮೇಲೂ ಸುಮ್ಮನಿದ್ದೆ. ಎರಡು ವಾರ."

ಅವರು ಕನ್ನಡಕ ತೆಗೆದು ಒರೆಸಿದರು. "ಮೂವತ್ತೊಂದು ವರ್ಷ, ಮೇಡಂ. ಇಲ್ಲಿಯವರು ಏನಂದ್ಕೊಂಡ್ರೂ ತಡೆದುಕೊಂಡೆ. ಆದ್ರೆ ನನ್ನ ಹೆಂಡತಿ, ಮೂರು ವಾರದಿಂದ, ಊಟಕ್ಕೆ ಕೂತಾಗ ಕೇಳ್ತಾಳೆ, 'ನಿಜ ಹೇಳ್ರಿ, ಎಂದಾದರೂ ತಗೊಂಡಿದ್ರಾ? ನನಗೊಬ್ಬಳಿಗಾದರೂ ಹೇಳಿ' ಅಂತ. ಅವಳು ಕೇಳ್ತಾಳೆ!"

ಕ್ಷಮಿಸಿ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

"ಹೋಗಿ ಮೇಡಂ. ನಾನು ಊಟ ಮಾಡಬೇಕು."

ಸೆಪ್ಟೆಂಬರ್ 17, ಮಂಗಳವಾರ

ಇವತ್ತು ಅಂಗಡಿಯಲ್ಲಿದ್ದಾಗ ನೆನಪಾಯಿತು, ಮಾಂಗ್ ಟೆಬಾನ್‌ರ ಹೆಂಡತಿಗೂ ನಾನೇ ಹೋಗಿ ಹೇಳಬೇಕು; ಆಕೆಯ ಹೆಸರನ್ನು ಕೂಡ ಕೇಳಿಕೊಂಡು ಬಂದಿಲ್ಲ. ರೆನಾಟೊನಿಂದ ಮನೆಯ ವಿಳಾಸ ಪಡೆದೆ. ಅವನಿಗೂ ವಿಷಯ ಹೇಳಬೇಕಾಯಿತು. ವಿಳಾಸ ಮಾತ್ರ ಹೇಳಿ ಫೋನ್ ಇಟ್ಟುಬಿಟ್ಟ.

ಆಕೆಯ ಹೆಸರು ಉರ್ಬಾನಾ. ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. ನಾನು ಬರೆದದ್ದು ಸುಳ್ಳು, ಲಕೋಟೆಯಲ್ಲಿದ್ದದ್ದು ಹಾಡು, ನಿಮ್ಮ ಗಂಡ ಏನನ್ನೂ ತೆಗೆದುಕೊಂಡವರಲ್ಲ ಎಂದೆ. ಆಕೆ ಅಳಲೂ ಇಲ್ಲ, ಬೈಯಲೂ ಇಲ್ಲ. "ಅವರನ್ನ ಹೀಗೆ ಕೇಳಿಬಿಟ್ಟೆನಲ್ಲ ನಾನು" ಎಂದು ಬಾಗಿಲ ಚಿಲಕವನ್ನೇ ಹಿಡಿದು ನಿಂತರು.

ಜೀಪ್ನಿಯಲ್ಲಿ ವಾಪಸು ಬರುವಾಗ ಇಳಿಯುವ ನಿಲ್ದಾಣ ದಾಟಿಹೋಯಿತು.

ಅಕ್ಟೋಬರ್ 1, ಮಂಗಳವಾರ

ತರಬೇತಿ ಶುರುವಾಗಿರಬೇಕು. ನನ್ನ ಸೀಟನ್ನು ಯಾರಿಗೋ ಕೊಟ್ಟರಂತೆ.

ಹೋಟೆಲಿನಿಂದ ಅರವತ್ತು ದಿಂಬಿನ ಚೀಲ ಬಂದಿದ್ದವು. ಪಿಲಾರ್‌ಗೆ ಸೊಂಟನೋವು. ನಾನೇ ಒಗೆದು ಹಾಕಿದೆ.

ಅಕ್ಟೋಬರ್ 12, ಶನಿವಾರ

ರೆನಾಟೊ ಬಟ್ಟೆ ತೆಗೆದುಕೊಂಡು ಹೋಗಲು ಬಂದ. ಹೊಸ ಕಂಪನಿಯಲ್ಲಿ ಮೊದಲ ಸಲ ನಿಜವಾದ ಹಾರಾಟಕ್ಕೆ ಹೋಗುವವನಿದ್ದಾನೆ. ಹೆಗಲ ಪಟ್ಟಿಯನ್ನು ನಾನೇ ಕೂರಿಸಿಕೊಟ್ಟೆ.

"ನಿಮ್ಮ ಮೇಲೆ ಇನ್ನೂ ಸಿಟ್ಟಿದೆ ನನಗೆ," ಅಂದ.

"ಇರಲಿ."

"ಮಾಂಗ್ ಟೆಬಾನ್ ಮತ್ತೆ ಮೂರನೇ ಕಿಟಕಿಗೆ ಬಂದ್ರು. ಸೋಮವಾರದಿಂದ."

ನನ್ನ ಬಗ್ಗೆ ಏನಾದರೂ ಅಂದರೇ ಎಂದು ಕೇಳಲು ಬಾಯಿಗೆ ಬಂತು. ಕಿರೀಟದಂಥ ಅವನ ಹೊಸ ಟೋಪಿಯ ಬಗ್ಗೆ ಪಿಲಾರ್ ಏನೋ ಗೇಲಿ ಮಾಡಿದಳು, ಮಾತು ಅಲ್ಲಿಗೆ ಹೋಯಿತು.

ಅಕ್ಟೋಬರ್ 29, ಮಂಗಳವಾರ

ಷರಾ ಉಳಿಯಿತು, ತಡೆ ತೆಗೆದರು. ಇವತ್ತು ಪರೀಕ್ಷೆ.

ಪಕ್ಕದ ಸೀಟಿಗೆ ಗುರುತಿಲ್ಲದ ಒಬ್ಬ ಹುಡುಗಿಯನ್ನು ಕೂರಿಸಿದರು. ಲಿಗಾಯ ಅಂತ ಹೆಸರು. ಇಪ್ಪತ್ತನಾಲ್ಕು ಇರಬಹುದು. ಸೀಟಿನ ಬೆಲ್ಟನ್ನು ಎರಡೆರಡು ಸಲ ಬಿಗಿದುಕೊಂಡಳು. "ನಾನು ನಿಧಾನ ಕ್ಯಾಪ್, ಬೈಬೇಡಿ," ಅಂದಳು. ನಿಧಾನವೇ ಒಳ್ಳೆಯದು ಎಂದೆ.

ನೆಲ ಬಿಟ್ಟು ನಾನೂರು ಅಡಿ ಏರುವಷ್ಟರಲ್ಲಿ ಎಡದ ಇಂಜಿನ್ ಹೋಯಿತು. ವಿಮಾನ ಆ ಕಡೆಗೆ ವಾಲಿತು, ನಾನು ಕಾಲಿನ ಪೆಡಲ್ ಒತ್ತಿ ನೇರ ಮಾಡಿದೆ. ಬಲು ಭಾರ. ನಿಜವಾದುದರಲ್ಲಿ ಇಷ್ಟು ಭಾರವಿರುವುದಿಲ್ಲ.

"ಒಂದನೆಯದು, ಖಚಿತವಾ?" ಅಂದಳು ಹುಡುಗಿ.

ಒಮ್ಮೆ ನೋಡಿದೆ. "ಖಚಿತ. ಎಳಿ."

ಎಳೆದಳು. ನಾನು ಮುಂದೆ ನೋಡುತ್ತಿದ್ದೆ. ಆಮೇಲೆ ಸುತ್ತು ಹಾಕಿ ಒಂದೇ ಇಂಜಿನ್ನಿನಲ್ಲಿ ಇಳಿಸಿದೆವು. ಸ್ವಲ್ಪ ಗಡುಸಾಗಿ ಇಳಿಯಿತು. ಪರೀಕ್ಷಕರು ಏನನ್ನೋ ಬರೆದುಕೊಂಡು ಸಹಿ ಹಾಕಿದರು.

ಹುಡುಗಿಗೆ ಹಸಿವಾಗಿತ್ತು. ಇಬ್ಬರೂ ಹೋಗಿ ಊಟ ಮಾಡಿದೆವು. ಅವಳು ಇಲೋಯಿಲೋ ಕಡೆಯವಳು, ಅಪ್ಪ ದೋಣಿ ರಿಪೇರಿ ಮಾಡುತ್ತಾರೆ, ತಮ್ಮನಿಗೆ ಈಜು ಬರುವುದಿಲ್ಲವಂತೆ, ದೋಣಿಯವರ ಮನೆಯಲ್ಲಿ! ತುಂಬ ನಕ್ಕೆವು.

ನವೆಂಬರ್ 12, ಮಂಗಳವಾರ

ಲೈಸೆನ್ಸ್ ಸಿಕ್ಕಿತು.

ಮೂರನೇ ಕಿಟಕಿ. ಮಾಂಗ್ ಟೆಬಾನ್ ನನ್ನ ಸರತಿ ಬಂದಾಗ ಬೇರೆಯವರಿಗೆ ಹೇಳುವಂತೆಯೇ, "ರಸೀದಿ ಕೊಡಿ. ಇಲ್ಲಿ ಸಹಿ," ಅಂದರು. ಲೈಸೆನ್ಸನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರವಾಗಿ ಓದಿ, ಪ್ಲಾಸ್ಟಿಕ್ಕಿನ ಧೂಳನ್ನು ತೋಳಿನಿಂದ ಒರೆಸಿ ಕೊಟ್ಟರು. "ಮುಂದಿನವರು."

ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಯಾಕೆ ಕೂತೆನೆಂದು ಹೇಳಲಾರೆ. ಕೆಲಸವೇನೋ ಸಿಕ್ಕಿದೆ, ಉತ್ತರಕ್ಕೆ ಸಾಮಾನು ಸಾಗಿಸುವ ಸಣ್ಣ ಕಂಪನಿಯಲ್ಲಿ. ಸದ್ಯಕ್ಕೆ ಬಲಗಡೆಯ ಸೀಟು. ಕ್ಯಾಪ್ಟನ್ ನನಗಿಂತ ಹತ್ತು ವರ್ಷ ಚಿಕ್ಕವನು. ಸೋಮವಾರದಿಂದ.

ಮಧ್ಯಾಹ್ನದ ಬಿಡುವಿಗೆ ಮಾಂಗ್ ಟೆಬಾನ್ ಹೊರಗೆ ಬಂದರು. ನನ್ನನ್ನು ಕಂಡು ಒಂದು ಕ್ಷಣ ನಿಂತು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಡಬ್ಬಿ ತೆಗೆದು ಅನ್ನ, ಒಣಮೀನು ತಿಂದರು. ತಿಂದು ಮುಗಿಸಿ, ಬಾಟಲಿಯ ನೀರಿನಲ್ಲಿ ಕೈ ತೊಳೆದು, ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡರು.

"ಯಾವ ಕಡೆ ಹಾರ್ತೀರಿ?"

"ಬಾಟಾನೆಸ್ ದ್ವೀಪಗಳಿಗೆ."

"ಅಲ್ಲಿ ಗಾಳಿ ಕೆಟ್ಟದ್ದು."

"ಹೌದು ಅಂತಾರೆ."

ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿ ಎದ್ದರು. ಬಾಗಿಲವರೆಗೆ ಹೋದವರು ತಿರುಗಿ, "ಡಿಸೆಂಬರ್‌ನಲ್ಲಿ ಇನ್ನೂ ಜಾಸ್ತಿ," ಅಂದರು. "ನೋಡ್ಕೊಂಡು ಹೋಗಿ, ಮೇಡಂ."

ಹೋಗುತ್ತೇನೆ ಎಂದೆ.